ಒಂದೇ ಸಲ ಕೇಳಿದ್ದು

ಜಪಾನಿನಿಂದ ಬಂದ ವಾರವೇ ಸಯೋಕೊ ಅಂಗಡಿಯ ಬಾಗಿಲು ತೆಗೆದಳು. ಗಂಡನ ದೇಶದ ಕಾಂಪೆನ್ ಊರಿನ ಹಳೆಯ ಕೋಟೆಬಾಗಿಲಿನ ಹಿಂದಿನ ಓಣಿಯಲ್ಲಿ ಅವಳದೊಂದು ಬಟ್ಟೆ ರಿಪೇರಿ ಅಂಗಡಿ. ಜಿಪ್ ಬದಲಾಯಿಸುವುದು, ಹರಿದ ಜೇಬು ಹೊಲಿಯುವುದು, ಕೋಟಿನ ಅಸ್ತರು ಹಾಕುವುದು. ಪ್ಯಾಂಟಿನ ಕಾಲು ಗಿಡ್ಡ ಮಾಡುವ ಕೆಲಸ ಮಾತ್ರ ಅಪರೂಪಕ್ಕೆ ಬರುತ್ತಿತ್ತು. ಆ ಊರಿನವರ ಕಾಲಿಗೆ ಅಂಗಡಿಯಲ್ಲಿ ಸಿಗುವ ಪ್ಯಾಂಟೇ ಸಾಲದು.

ಮೊದಲು ಬಂದವಳು ಬೇಕರಿಯ ಹೆಂಗಸು.

"ಬಂದ್ಯಾ? ಹೇಗಿತ್ತು ರಜ?"

"ಸೆಖೆ," ಎಂದಳು ಸಯೋಕೊ.

"ಇಲ್ಲಿ ಬರೀ ಮಳೆ ಕಣೇ. ಬರೋವಾಗ ಒಂದು ಚೀಲ ಬಿಸಿಲು ಕಟ್ಕೊಂಡು ಬರಬಾರ್ದಿತ್ತಾ?"

ಸಯೋಕೊ ನಕ್ಕಳು. ಆಮೇಲೆ ಬಂದವರೆಲ್ಲ ಅದನ್ನೇ ಕೇಳಿದರು, ಅವಳು ಅದನ್ನೇ ಹೇಳಿದಳು. ಸಂಜೆಯ ಹೊತ್ತಿಗೆ ಇಡೀ ಬೇಸಿಗೆ ಆ ಒಂದು ಮಾತಿನಲ್ಲಿ ಮುಗಿದುಹೋದಂತಿತ್ತು. ಅವಳಿಗೂ ಅದಕ್ಕಿಂತ ಹೆಚ್ಚು ಏನೂ ಅನ್ನಿಸುತ್ತಿರಲಿಲ್ಲ. ಹಲ್ಲು ಕೀಳಿಸಿಕೊಂಡು ಬಂದ ಮೇಲೆ ತುಟಿ ಮುಟ್ಟಿದರೆ ಬೇರೆ ಯಾರದೋ ತುಟಿ ಮುಟ್ಟಿದ ಹಾಗಾಗುತ್ತದಲ್ಲ, ಅವಳಿಗೆ ಮೈಯೆಲ್ಲ ಹಾಗೆ ಇತ್ತು.

ಅವಳ ತವರು ಹಮಾದ, ಸಮುದ್ರದ ದಡದ ಊರು. ಅಣ್ಣ ಇಸಾಮು ಅಲ್ಲಿನ ಮೀನು ಹರಾಜಿನ ಕಟ್ಟೆಯಲ್ಲಿ ದುಡಿದು ಈಗ ಮನೆಯಲ್ಲಿದ್ದ. ಈ ಸಲ ಓಬೋನ್‌ಗೆ, ಅಂದರೆ ಸತ್ತ ಹಿರಿಯರು ಮನೆಗೆ ಬಂದು ಹೋಗುವ ಆಗಸ್ಟಿನ ಹಬ್ಬಕ್ಕೆ, ಬಂದೇ ಬರಬೇಕೆಂದು ಅವನೇ ಕರೆದಿದ್ದ. ಏಕೆಂದು ಹೇಳಿರಲಿಲ್ಲ. ಹಬ್ಬದ ಹಿಂದಿನ ದಿನ ಇಬ್ಬರೂ ಬಕೆಟ್ಟು, ಮರದ ಸೌಟು, ಬ್ರಶ್ಶು ಹಿಡಿದು ಮಂದಿರದ ಹಿಂದಿನ ಗುಡ್ಡ ಹತ್ತಿದರು. ಅಣ್ಣ ಎರಡೆರಡು ಮೆಟ್ಟಿಲಿಗೆ ನಿಂತು ಮಂಡಿ ಒತ್ತಿಕೊಂಡ. ಮೇಲೆ ಅಪ್ಪ ಅಮ್ಮನ ಸಮಾಧಿಯ ಕಲ್ಲು. ಜೀರುಂಡೆಗಳು ಕಿವಿ ಕಿತ್ತುಹೋಗುವ ಹಾಗೆ ಕೂಗುತ್ತಿದ್ದವು. ಅವಳು ಪಾಚಿ ಉಜ್ಜಿದಳು, ಅಣ್ಣ ಕಳೆ ಕಿತ್ತ.

"ಇದನ್ನ ಮುಚ್ಚಿಸ್ಬಿಡ್ತೀನಿ," ಎಂದ ಇಸಾಮು, ಕಳೆಯ ಬೇರಿನ ಮಣ್ಣು ಕೊಡವುತ್ತ.

"ಏನನ್ನ?"

"ಸಮಾಧಿನ. ನನಗೆ ಮಕ್ಕಳಿಲ್ಲ, ನೀನು ಅಷ್ಟು ದೂರ. ನಾನು ಹೋದ್ಮೇಲೆ ಇಲ್ಲಿ ಕಳೆ ಕೀಳೋರು ಯಾರು? ಹಾವು ಬಂದು ಮಲಗುತ್ತೆ, ಅಷ್ಟೆ."

"ಮುಚ್ಚೋದು ಅಂದ್ರೆ ಏನು ಮಾಡ್ತಾರೆ?"

"ಗುರುಗಳು ಬಂದು ಸೂತ್ರ ಹೇಳಿ ಕಲ್ಲಿಂದ ಜೀವ ಬಿಡಿಸ್ತಾರೆ. ಆಮೇಲೆ ಅದು ಬರೀ ಕಲ್ಲು, ಕಲ್ಲುಕುಟಿಗ ಎತ್ಕೊಂಡು ಹೋಗ್ತಾನೆ. ಅಪ್ಪ ಅಮ್ಮನ ಎಲುಬನ್ನ ಮಂದಿರದ ದೊಡ್ಡ ಸಮಾಧಿಗೆ ಸುರೀತಾರೆ. ಎಲ್ಲರ ಜೊತೆ. ಸುರಿದ ಮೇಲೆ ಯಾರದು ಯಾವುದು ಅಂತ ದೇವರಿಗೂ ಗೊತ್ತಾಗಲ್ಲ." ಅವನು ಕಲ್ಲಿನ ಮೇಲೆ ಒಂದು ಸೌಟು ನೀರು ಹೊಯ್ದ. "ಅಮ್ಮನ್ನ ನೀನು ತಗೊಂಡು ಹೋಗ್ತೀಯಾ?"

ಸಯೋಕೊಗೆ ಬೇಕಿತ್ತು. ಅಮ್ಮ ತೀರಿಹೋದಾಗ ಅವಳು ವಿಮಾನದಲ್ಲಿದ್ದಳು. ಮನೆಯವರು ಸುತ್ತ ನಿಂತು, ಸುಟ್ಟ ಎಲುಬನ್ನು ಕಡ್ಡಿಗಳಲ್ಲಿ ಎತ್ತಿ ಜಾಡಿಗೆ ಹಾಕುವಾಗ ಅವಳ ಪಾಲಿನ ಕಡ್ಡಿ ಹಿಡಿದವಳು ಯಾರೋ ದೂರದ ಸಂಬಂಧಿ. ಅಂದಿನಿಂದ ಅವಳಿಗೆ ಅಮ್ಮ ಸತ್ತದ್ದು ಯಾರೋ ಹೇಳಿದ ಸುದ್ದಿಯಂತೆ ಇತ್ತೇ ಹೊರತು ತನಗೆ ಆದದ್ದಾಗಿರಲಿಲ್ಲ. ಆ ಜಾಡಿಯನ್ನು ಒಮ್ಮೆ ತೊಡೆಯ ಮೇಲಿಟ್ಟುಕೊಂಡರೆ ಏನಾದರೂ ಕರಗೀತು ಎಂದು ಅವಳು ಒಳಗೊಳಗೇ ನಂಬಿದ್ದಳು.

ಆದರೆ ಅವಳ ಬಾಯಿಂದ ಬಂದದ್ದು, "ಅಯ್ಯೋ, ನಿನಗ್ಯಾಕೆ ಆ ತೊಂದರೆಯೆಲ್ಲ ಅಣ್ಣ."

ಅವರ ಮನೆಯಲ್ಲಿ ಮೊದಲ ಸಲ ಕೇಳಿದ್ದಕ್ಕೆ ಯಾರೂ ಹೂಂ ಅನ್ನುವುದಿಲ್ಲ. ಇನ್ನೊಂದಿಷ್ಟು ಅನ್ನ ಎಂದರೆ ಬೇಡ ಎನ್ನಬೇಕು. ಮತ್ತೆ ಕೇಳಿದರೆ ಸಾಕಾಯ್ತು ಎನ್ನಬೇಕು. ಮೂರನೆಯ ಸಲಕ್ಕೆ ಬಟ್ಟಲು ಚಾಚಬೇಕು. ಅಮ್ಮ ಬೆಳೆಸಿದ್ದೇ ಹಾಗೆ. ಸಯೋಕೊ ಎರಡನೆಯ ಸಲಕ್ಕೆ ಕಾದಳು. ಅಣ್ಣ ಬಕೆಟ್ಟು ಬೋರಲು ಹಾಕಿ, "ಬಾ, ಬಿಸಿಲು ಜಾಸ್ತಿ," ಎಂದು ಇಳಿಯತೊಡಗಿದ.

ಊಟಕ್ಕೆ ಕೂತಾಗ ಕೇಳುತ್ತಾನೆ ಅಂದುಕೊಂಡಳು. ಅವನು ಕಲ್ಲಂಗಡಿ ಕೊಯ್ದು ಕೊಟ್ಟ. ಹಿರಿಯರನ್ನು ಬೀಳ್ಕೊಡಲು ಸಮುದ್ರದ ದಡದಲ್ಲಿ ದೀಪ ಬಿಡುವಾಗ ಕೇಳುತ್ತಾನೆ ಅಂದುಕೊಂಡಳು. ಅವನು ಪಕ್ಕದವನ ಹತ್ತಿರ ಮೀನಿನ ದರದ ವಿಷಯ ಮಾತಾಡುತ್ತಿದ್ದ. ಕೊನೆಗೆ ರೈಲ್ವೆ ಸ್ಟೇಷನ್ನಿನಲ್ಲಿ, ಗಾಡಿ ಬಂದು ನಿಂತ ಮೇಲೆ, ಅವನು ಒಣಮೀನಿನ ಪೊಟ್ಟಣ ಕೈಗಿತ್ತು, "ನಿನ್ನ ಗಂಡನಿಗೆ ಕೊಡು, ಬಿಯರ್ ಜೊತೆಗಾಗುತ್ತೆ," ಎಂದ. ಬಾಗಿಲು ಮುಚ್ಚಿತು.

ರೈಲಿನ ಪಾಸು ಮೊದಲೇ ತೆಗೆಸಿದ್ದರಿಂದ ಅವಳು ಹೋಗಬೇಕೆಂದುಕೊಂಡಿದ್ದ ಕಡೆಗಳಿಗೆಲ್ಲ ಹೋದಳು. ಒಂದು ಕೋಟೆ ನೋಡಿದಳು. ಒಂದು ದ್ವೀಪಕ್ಕೆ ದೋಣಿಯಲ್ಲಿ ಹೋಗಿ ಅದೇ ದೋಣಿಯಲ್ಲಿ ಬಂದಳು. ಬೆಟ್ಟದ ಮೇಲಿನ ಬಿಸಿನೀರಿನ ಬುಗ್ಗೆಯಲ್ಲಿ ಕತ್ತಿನವರೆಗೆ ಮುಳುಗಿ ಕೂತಳು. ಅಲ್ಲಿನ ವಸತಿಗೃಹದ ಹುಡುಗಿ ರಿಜಿಸ್ಟರಿನಲ್ಲಿ ವೆಲ್ಟ್‌ಹೌಸ್ ಎಂಬ ಸಯೋಕೊಳ ಗಂಡನ ಮನೆಯ ಹೆಸರು ನೋಡಿ ಅವಳ ಹೆಗಲ ಮೇಲಿಂದ ಹಿಂದಕ್ಕೆ ಇಣುಕಿದಳು, ಆ ಹೆಸರಿನ ಪರದೇಶಿ ಎಲ್ಲಿ ಎಂದು. "ನಾನೇ," ಎಂದಳು ಸಯೋಕೊ. "ಓಹ್, ಜಪಾನಿ ಭಾಷೆ ಚೆನ್ನಾಗಿ ಬರುತ್ತೆ ನಿಮಗೆ," ಎಂದು ಹುಡುಗಿ ಗಾಬರಿಯಲ್ಲಿ ಹೇಳಿ ನಾಲಿಗೆ ಕಚ್ಚಿಕೊಂಡಳು. ಬೇರೆ ದಿನವಾಗಿದ್ದರೆ ಸಯೋಕೊಗೆ ನಗು ಬರುತ್ತಿತ್ತು, ಇಲ್ಲವೆ ಸಿಟ್ಟು ಬರುತ್ತಿತ್ತು.

ಅವಳ ಗಂಡ ಹಾರ್ಮೆನ್ ಐಸೆಲ್ ನದಿಯ ಸೇತುವೆಯಲ್ಲಿ ಕೆಲಸಕ್ಕಿದ್ದ. ಹಡಗು ಬಂದರೆ ಸೇತುವೆ ಎತ್ತುವುದು, ಹೋದ ಮೇಲೆ ಇಳಿಸುವುದು. ಮಾತು ಕಡಿಮೆ. ವಿಮಾನ ನಿಲ್ದಾಣದಲ್ಲಿ ಅವಳ ಪೆಟ್ಟಿಗೆ ತೆಗೆದುಕೊಂಡು, "ಚೆನ್ನಾಗಿ ಊಟ ಮಾಡಿದ್ಯಾ?" ಎಂದು ಕೇಳಿದ್ದ. ಅಮ್ಮನ ಜಾಡಿಯ ವಿಷಯ ಅವನಿಗೂ ಅವಳು ಹೇಳಲಿಲ್ಲ. ಅಣ್ಣ ಫೋನು ಮಾಡಿ ಮತ್ತೆ ಕೇಳುತ್ತಾನೆ ಎಂದೇ ಅವಳ ಎಣಿಕೆ.

ಭಾನುವಾರ ಅತ್ತೆ ಆಲ್ಟ್ಯೆಯ ಹುಟ್ಟುಹಬ್ಬ. ಎಲ್ಲರಂತೆ ಸಯೋಕೊಳೂ ಆಕೆಯನ್ನು ಮಾ ಎಂದೇ ಕರೆಯುತ್ತಿದ್ದಳು. ನಡುಮನೆಯಲ್ಲಿ ಕುರ್ಚಿಗಳನ್ನು ಸುತ್ತಲೂ ಇಟ್ಟಿದ್ದರು. ಬಂದವರು ಒಬ್ಬೊಬ್ಬರ ಕೈ ಕುಲುಕುತ್ತ ಇಡೀ ಸುತ್ತು ಹಾಕಬೇಕು. ಹುಟ್ಟುಹಬ್ಬ ಯಾರದೇ ಇರಲಿ, ಅಭಿನಂದನೆ ಎಲ್ಲರಿಗೂ. "ನಿನ್ನ ಅತ್ತೆಗಾಗಿ ನಿನಗೆ ಅಭಿನಂದನೆ ಸಯೋಕೊ." "ನಿನ್ನ ಅಮ್ಮನಿಗಾಗಿ ನಿನಗೂ." ಕೈಗಳು ಬಂದವು, ಹೋದವು. ಕಾಫಿ ಬಂತು, ಸೇಬಿನ ಕೇಕು ಬಂತು. ಮಾ ಕೇಕಿನ ತಟ್ಟೆಯನ್ನು ಒಂದೇ ಸಲ ಎಲ್ಲರ ಮುಂದೆ ಹಿಡಿದು ಮುಚ್ಚಿಟ್ಟಳು. ಹೊಸ ಸೊಸೆಯಾಗಿದ್ದಾಗ ಸಯೋಕೊ ಈ ಮನೆಯಲ್ಲಿ ಮರ್ಯಾದೆಗೆ ಬೇಡ ಎಂದು ಎಷ್ಟೋ ದಿನ ಹಸಿದುಕೊಂಡು ಹೋಗಿದ್ದಳು. ಈಗ ಕೊಟ್ಟ ಕೂಡಲೇ ತೆಗೆದುಕೊಳ್ಳುವುದು ಅಭ್ಯಾಸವಾಗಿತ್ತು.

"ಒಂದು ಸುದ್ದಿ," ಎಂದಳು ಮಾ, ಬಟ್ಟಲು ಕೆಳಗಿಟ್ಟು. "ಸ್ಮಶಾನದವರ ಹತ್ತಿರ ಮಾತಾಡಿದೆ. ನಿಮ್ಮಪ್ಪನ ಗುಂಡಿಗೆ ಬಾಡಿಗೆ ಕಟ್ಟಿಯಾಗಿದೆ, ಇನ್ನೂ ಇಪ್ಪತ್ತು ವರ್ಷ ನಮ್ಮದೇ. ಒಳಗೆ ಒಂದರ ಮೇಲೊಂದು ಮೂರು ಅಂತಸ್ತು. ಕೆಳಗೆ ಅವನು, ಅವನ ಮೇಲೆ ನಾನು. ಎಲ್ಲಕ್ಕಿಂತ ಮೇಲಿನದು ಖಾಲಿ."

"ಬದುಕಿದ್ದಾಗ ಅಪ್ಪನ ಮೇಲೆ ಕೂತಿದ್ದೆ, ಸತ್ತ ಮೇಲೂ ಬಿಡಲ್ವಾ ಮಾ?" ಎಂದ ಕೂರ್ಟ್. ಅವನು ಹಾರ್ಮೆನ್‌ನ ತಮ್ಮ, ಲಾರಿ ಓಡಿಸುವವನು.

"ಸುಮ್ನಿರೋ. ನಿನಗೆ ಜಾಗ ಇಲ್ಲ, ನೀನು ದಪ್ಪ."

ಎಲ್ಲರೂ ನಕ್ಕರು. ಆ ನಗುವಿನ ನಡುವೆಯೇ ಸಯೋಕೊ ಕೇಳಿದಳು. ಕೇಳಬೇಕೆಂದು ಕೇಳಿದ್ದಲ್ಲ, ಕೇಕಿನ ತುಂಡು ನುಂಗಿದ ಕೂಡಲೆ ಮಾತು ಹೊರಗೆ ಬಂದಿತ್ತು. "ಅಲ್ಲಿ ಒಂದು ಜಾಡಿ ಇಡಬಹುದಾ?"

"ಯಾವ ಜಾಡಿ?"

"ನಮ್ಮಮ್ಮಂದು. ಜಪಾನಿನಲ್ಲಿರೋ ಸಮಾಧಿ ಮುಚ್ಚುತ್ತಾರಂತೆ."

ಹಾರ್ಮೆನ್ ತಿರುಗಿ ಅವಳ ಮುಖ ನೋಡಿದ. ಆಮೇಲೆ ಹೊಸ ಸೋಫಾಕ್ಕೆ ಜಾಗ ಹುಡುಕುವವರ ಹಾಗೆ ಎಲ್ಲರೂ ಒಟ್ಟಿಗೆ ಶುರುಮಾಡಿದರು.

"ಎಷ್ಟು ದೊಡ್ಡದು?"

"ಉಪ್ಪಿನಕಾಯಿ ಜಾಡಿಯಷ್ಟು."

"ಹಾಗಾದ್ರೆ ಅದು ಅಂತಸ್ತಿಗೆ ಲೆಕ್ಕವೇ ಇಲ್ಲ," ಎಂದ ಕೂರ್ಟ್. "ಮೂಲೇಲಿ ಇಟ್ರಾಯ್ತು. ವಿಮಾನದಲ್ಲಿ ಬಿಡ್ತಾರಾ?"

"ಕಾಗದಪತ್ರ ಇದ್ರೆ ಬಿಡ್ತಾರೆ," ಎಂದ ಹಾರ್ಮೆನ್, ಅದೇ ಮೊದಲ ಸಲ ಬಾಯಿಬಿಟ್ಟು. "ನಾನು ವಿಚಾರಿಸ್ತೀನಿ."

ಮಾ ಸಯೋಕೊಳ ಕಡೆ ಬಾಗಿದಳು. "ನಿಮ್ಮಮ್ಮನ್ನ ಮದುವೇಲಿ ನೋಡಿದ್ದೀನಿ. ಗುಬ್ಬಿಯಷ್ಟು ಹೆಂಗಸು. ನನ್ನ ಮೇಲೆ ಮಲಗಿದ್ರೂ ನನಗೆ ಗೊತ್ತಾಗಲ್ಲ. ಬರಲಿ. ಇಷ್ಟು ದಿನ ಯಾಕೆ ಹೇಳಲಿಲ್ಲ?"

ಸಯೋಕೊ ಕೇಕಿನ ಪುಡಿಯನ್ನು ತಟ್ಟೆಯ ಅಂಚಿಗೆ ಸರಿಸಿದಳು. ಇಷ್ಟು ಸುಲಭವಾಗಿ ಮುಗಿದ ಮೇಲೆ ಸಮಾಧಾನ ಆಗಬೇಕಿತ್ತು. ಅವಳು ಕಾದು ನೋಡಿದಳು. ಕಾಫಿ ತಣ್ಣಗಾಗಿತ್ತು, ಕುಡಿದಳು.

ಸೋಮವಾರ ಬೆಳಗ್ಗೆ ಊರಿನ ಅಂಗಡಿಗಳೆಲ್ಲ ಮುಚ್ಚಿರುತ್ತವೆ. ಅವಳು ಅಡುಗೆಮನೆಯ ಕಿಟಕಿಯ ಬಳಿ ನಿಂತು ಅಣ್ಣನಿಗೆ ಫೋನು ಮಾಡಿದಳು. ಅಲ್ಲಿ ಇಳಿಹೊತ್ತು.

"ಅಣ್ಣ, ಅಮ್ಮನ್ನ ನಾನು ತಗೊಂಡು ಹೋಗ್ತೀನಿ. ಇಲ್ಲಿ ಜಾಗ ಆಗಿದೆ."

ಆ ಕಡೆ ಟೀವಿಯ ಸದ್ದು ಕೇಳುತ್ತಿತ್ತು, ಆಮೇಲೆ ಅದು ನಿಂತಿತು.

"ಮುಗೀತಲ್ಲ," ಎಂದ ಇಸಾಮು. "ಚಂಡಮಾರುತ ಶುರುವಾಗೋ ಮುಂಚೆ ಮಾಡಿಬಿಡೋಣ ಅಂದ ಕಲ್ಲುಕುಟಿಗ. ಹೋದ ಗುರುವಾರ ಆಯ್ತು."

"ಸುರಿದುಬಿಟ್ರಾ?"

"ಸುರಿದ್ರು. ಇಬ್ಬರನ್ನೂ," ಎಂದ ಅವನು. "ಕೇಳಿದ್ನಲ್ಲ ಸಯೋ. ನೀನೇ ಬೇಡ ಅಂದೆ."

"ನೀನು ಒಂದೇ ಸಲ ಕೇಳಿದೆ."

"ನೀನು ಅಲ್ಲಿಯವಳಾಗಿ ಎಷ್ಟು ವರ್ಷ ಆಯ್ತು. ಆ ಜನರನ್ನ ನಾನೂ ನೋಡಿದ್ದೀನಲ್ಲ, ಬೇಕು ಅಂದ್ರೆ ಬೇಕು, ಬೇಡ ಅಂದ್ರೆ ಬೇಡ. ಮತ್ತೆ ಮತ್ತೆ ಕೇಳಿದ್ರೆ ನಿನಗೆ ಕಿರಿಕಿರಿ ಆಗುತ್ತೆ ಅಂದ್ಕೊಂಡೆ." ಅವನ ದನಿ ಸಣ್ಣದಾಯಿತು. "ರೈಲು ಹೊರಡೋವಾಗ ಕೇಳೋಣ ಅಂತ ಬಾಯಿವರೆಗೂ ಬಂದಿತ್ತು."

"ಪರವಾಗಿಲ್ಲ," ಎಂದಳು ಸಯೋಕೊ. "ಮಂಡಿ ಹೇಗಿದೆ?"

ಅವಳು ಫೋನಿಟ್ಟಾಗ ಮಾ ಹಿಂಬಾಗಿಲಿನಿಂದ ಒಳಗೆ ಬಂದಿದ್ದಳು, ಉಳಿದ ಕೇಕನ್ನು ಕಾಗದದಲ್ಲಿ ಸುತ್ತಿಕೊಂಡು. ಹಾರ್ಮೆನ್ ಮೇಜಿನ ಹತ್ತಿರ ಆಲೂಗಡ್ಡೆ ಸುಲಿಯುತ್ತಿದ್ದ. ಅವನ ಪಾಳಿ ಮಧ್ಯಾಹ್ನ. ಇಬ್ಬರಿಗೂ ಜಪಾನಿ ಭಾಷೆ ಬಾರದು, ಆದರೂ ಇಬ್ಬರೂ ಅವಳ ಮುಖವನ್ನೇ ನೋಡುತ್ತಿದ್ದರು. ಸಯೋಕೊ ಆದದ್ದನ್ನು ಆದ ಹಾಗೆಯೇ ಹೇಳಿದಳು.

"ಅತ್ತುಬಿಟ್ಯಾ?" ಎಂದು ಕೇಳಿದಳು ಮಾ.

"ಇಲ್ಲ."

"ಅಳು ಬರ್ತಿಲ್ವಾ?"

"ಏನೂ ಬರ್ತಿಲ್ಲ ಮಾ."

"ಹೂಂ. ನನಗೂ ನನ್ನ ಗಂಡ ಹೋದಾಗ ಹಾಗೇ ಇತ್ತು. ಜನ ಏನೇನೋ ಅಂದ್ರು." ಮಾ ಕುರ್ಚಿ ಎಳೆದು ಕೂತಳು. "ಈಗ ಒಂದು ಕೇಳ್ತೀನಿ, ನೇರ ಹೇಳು. ಮೇಲಿನ ಜಾಗ ಖಾಲಿ ಉಳೀತು. ನೀನು ಎಲ್ಲಿ ಮಲಗ್ತೀಯ?"

ಹಾರ್ಮೆನ್‌ನ ಚಾಕು ನಿಂತಿತು. ಮಾ ಮತ್ತೊಂದು ಸಲ ಕೇಳುವವಳಲ್ಲ ಎಂಬುದು ಆ ಅಡುಗೆಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು.

"ಅಲ್ಲಿ," ಎಂದಳು ಸಯೋಕೊ. "ಎಲ್ಲರನ್ನೂ ಸುರಿಯೋ ಕಡೆ. ಅಮ್ಮ ಇರೋ ಕಡೆ."

"ಸರಿ," ಎಂದಳು ಮಾ. ಆಕೆ ಮಗನ ಕಡೆ ನೋಡಲಿಲ್ಲ. ಕೇಕಿನ ಪೊಟ್ಟಣವನ್ನು ಮೇಜಿನ ಮೇಲಿಟ್ಟು, ಸಯೋಕೊಳ ಭುಜವನ್ನು ಒಂದು ಸಲ ಗಟ್ಟಿಯಾಗಿ ಹಿಡಿದು ಬಿಟ್ಟು, ಬಂದ ಬಾಗಿಲಿನಿಂದಲೇ ಹೋದಳು.

ಹಾರ್ಮೆನ್ ಕೈಯಲ್ಲಿದ್ದ ಆಲೂಗಡ್ಡೆ ಮುಗಿಸಿದ. ಇನ್ನೊಂದು ತೆಗೆದುಕೊಂಡ. ಅವನ ಕಿವಿಯ ತುದಿ ಕೆಂಪಾಗಿತ್ತು. ಬೇರೆ ಯಾವ ಗುರುತೂ ಅವನ ಮೇಲೆ ಕಾಣುತ್ತಿರಲಿಲ್ಲ. ಸಯೋಕೊಗೆ ತಾನು ಅವನಿಗೆ ಏನು ಮಾಡಿದೆ ಎಂದು ಗೊತ್ತಿತ್ತು. ಗೊತ್ತಿದ್ದರೂ ಅದು ಗಾಜಿನ ಆಚೆ ಇದ್ದ ಹಾಗೆ ಇತ್ತು.

"ಅಲ್ಲಿ," ಎಂದ ಹಾರ್ಮೆನ್ ಬಹಳ ಹೊತ್ತಿನ ಮೇಲೆ, "ಹೊರಗಿನವರನ್ನ ಸೇರಿಸ್ಕೋತಾರಾ?"

"ಗೊತ್ತಿಲ್ಲ."

"ಕೇಳು ಮತ್ತೆ."

"ಈಗಲೇ?"

"ಅಲ್ಲಿ ಇನ್ನೂ ಹಗಲು ಇರುತ್ತಲ್ಲ."

ಅವಳು ಮತ್ತೆ ಫೋನು ತೆಗೆದುಕೊಂಡಳು. ಇಸಾಮು ತಕ್ಷಣ ಎತ್ತಿದ, ಫೋನಿನ ಪಕ್ಕದಲ್ಲೇ ಕೂತಿದ್ದವನಂತೆ.

"ಅಣ್ಣ, ನಾನು ಸತ್ತ ಮೇಲೆ ಆ ದೊಡ್ಡ ಸಮಾಧಿಗೆ ಬರ್ತೀನಿ. ಹಾರ್ಮೆನ್ನೂ ಬರ್ತಾನಂತೆ. ಆಗುತ್ತಾ?"

"ಅವನು ತುಂಬ ಎತ್ತರ ಅಲ್ವಾ?"

"ಸುಟ್ಟ ಮೇಲೆ ಎಲ್ಲರೂ ಒಂದೇ ಎತ್ತರ ಅಣ್ಣ."

ಅವನು ನಕ್ಕನೋ ಅತ್ತನೋ ಅವಳಿಗೆ ತಿಳಿಯಲಿಲ್ಲ. "ಗುರುಗಳ ಹತ್ತಿರ ಇವತ್ತೇ ಹೋಗ್ತೀನಿ," ಎಂದ. "ಆಗಲ್ಲ ಅಂದ್ರೆ ಜಗಳ ಆಡ್ತೀನಿ."

"ಏನಂದ?" ಎಂದ ಹಾರ್ಮೆನ್.

"ಇವತ್ತೇ ವಿಚಾರಿಸ್ತಾನಂತೆ."

ಹಾರ್ಮೆನ್ ತಲೆಯಾಡಿಸಿ, ಸುಲಿದ ಆಲೂಗಡ್ಡೆಯ ಪಾತ್ರೆಯನ್ನು ಅವಳ ಕಡೆ ಸರಿಸಿದ. ಅವಳು ನಲ್ಲಿ ತಿರುಗಿಸಿ ನೀರು ತುಂಬಿಸಿದಳು.