ಎದುರು ಮಾತಿಗೆ ಕಾದು ನಿಂತ ಜಂಬಕ್ಕ

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಸೀಮೆಯಲ್ಲಿ ಊರವರು ನಾಟಕ ಆಡಿಸಬೇಕೆಂದಾಗ ಮೊದಲು ವಿಚಾರಿಸುತ್ತಿದ್ದುದು, ಜಂಬಮ್ಮನವರು ಬಿಡುವಾಗಿದ್ದಾರೆಯೇ ಎಂದು. ಊರ ಗಂಡಸರು ತಿಂಗಳುಗಟ್ಟಲೆ ತಾಲೀಮು ಮಾಡಿರುತ್ತಿದ್ದರು. ಹೆಣ್ಣು ಪಾತ್ರಕ್ಕೆ ಹೊರಗಿನಿಂದ ಬರುವ ನಟಿಯರಾದ ನಾವು ಪ್ರದರ್ಶನದ ದಿನವಷ್ಟೇ ಅವರ ಮುಖ ನೋಡುತ್ತಿದ್ದೆವು. ಅಂಥ ಅಪರಿಚಿತರ ನಡುವೆ, ಮಾತು ಮರೆತ ನಾಯಕನ ಮಾತನ್ನು ತಾವೇ ಪ್ರಶ್ನೆಯಾಗಿ ಕೇಳಿ ಅವನ ಮಾನ ಉಳಿಸುತ್ತಿದ್ದ ಹಿರಿಯ ಕಲಾವಿದೆ, ನಮ್ಮೆಲ್ಲರ ಜಂಬಕ್ಕ, ಈಗ ಬಣ್ಣ ಕಳಚಿದ್ದಾರೆ. ಅವರ ಶಿಷ್ಯೆಯಾದ ನನಗೆ ಅವರ ಸನ್ಮಾನ ಸಮಾರಂಭಕ್ಕೆಂದು ಈ ಅಭಿನಂದನೆ ಬರೆಯಲು ಕೂತರೆ ಸಂತೋಷಕ್ಕಿಂತ ಸಂಕಟವೇ ಹೆಚ್ಚಾಗುತ್ತಿದೆ.

ರಂಗದ ಒಂದೊಂದು ಶಬ್ದವನ್ನೂ ನನಗೆ ಕಲಿಸಿದವರು ಅವರು. ಪ್ರವೇಶವೆಂದರೆ ರಂಗದ ಪಕ್ಕದ ಮರೆಯಾದ ವಿಂಗಿನಿಂದ ಹೊರಬರುವುದಲ್ಲ, ಯಾವುದೋ ಮನೆಯಿಂದ ಬರುವುದು ಎನ್ನುತ್ತಿದ್ದರು. ಸ್ವಗತವನ್ನು ನಾನು ಗೊಣಗಿದಾಗ, "ಕಡೀ ಸಾಲಿನ ಮುದುಕಿಗೂ ಕೇಳಬೇಕು, ಬಾಜೂಕ ನಿಂತವಗ ಕೇಳಿಲ್ಲ ಅನ್ನಿಸಬೇಕು" ಎಂದು ತಿದ್ದಿದರು. ಹಡಗಲಿ ಕಡೆಯ ಒಂದೂರಿನಲ್ಲಿ ನನ್ನ ಗಂಟಲು ಕೂತುಹೋದಾಗ ನನ್ನ ಹಾಡುಗಳನ್ನು ಪರದೆಯ ಹಿಂದೆ ನಿಂತು ತಾವೇ ಹಾಡಿದರು. ಜನ ನನ್ನ ಕಂಠ ಹೊಗಳಿದರೆ ಸುಮ್ಮನೆ ನಕ್ಕರು.

ಆಮೇಲೆ ಅವರ ಕಿವಿ ಮಂದವಾಯಿತು. ತಿಳಿದರೆ ಯಾವ ಊರೂ ಕರೆಯುವುದಿಲ್ಲವೆಂದು ಅಂಜಿ ನನ್ನೊಬ್ಬಳಿಗೇ ಹೇಳಿದ್ದರು. ನಾಟಕವೆಲ್ಲ ಬಾಯಿಪಾಠವಿತ್ತು, ಎದುರು ಪಾತ್ರದ ತುಟಿ ನಿಂತಾಗ ತಮ್ಮ ಮಾತು ಎತ್ತುತ್ತಿದ್ದರು. "ನನ್ನ ಕಡೆ ಮುಖ ಮಾಡಿ ಮಾತಾಡ್ರಿ" ಎಂದು ಎಲ್ಲ ನಾಯಕರಿಗೂ ಹೇಳಿಯೇ ರಂಗ ಹತ್ತುತ್ತಿದ್ದರು. ಅದನ್ನು ಹಿರಿಯಳ ಗತ್ತು ಎಂದುಕೊಂಡವರೇ ಎಲ್ಲ.

ಹೋದ ವರ್ಷ ಉಚ್ಚಂಗಿದುರ್ಗದ ಹತ್ತಿರದ ಒಂದೂರು. ಮಗನ ಪಾತ್ರದ ಕನಕರಾಜ ತಾಯಿಗೆ ಎದುರಾಡುವ ದೃಶ್ಯ. ನಡುವೆಯೇ ಅವನ ಬೀಗರು, ನಮ್ಮ ಕಡೆಯ ರೂಢಿಯಂತೆ, ಹಾರ ಹಿಡಿದು ರಂಗ ಹತ್ತಿದರು. ಅವನು ಅವರತ್ತ ತಿರುಗಿ, ಕೊರಳೊಡ್ಡಿಕೊಂಡೇ ತನ್ನ ಮಾತು ಹೇಳಿಬಿಟ್ಟ. ತಾಯಿಯ ಪಾತ್ರದ ಜಂಬಕ್ಕ, ಅವನ ತುಟಿ ಕಾಣದೆ, ಕಾದರು. ಮರೆಯಲ್ಲಿ ನಿಂತು ಮಾತು ನೆನಪಿಸುವ ಪ್ರಾಂಪ್ಟರ್ ಕೂಗಿದ, ಬಯಲಿಗೆಲ್ಲ ಕೇಳಿತು, ಅವರಿಗೆ ಕೇಳಲಿಲ್ಲ. ಜನ ನಗತೊಡಗಿದರು. ಸೊಸೆಯ ಪಾತ್ರದ ನಾನು, ಪ್ರವೇಶವಿಲ್ಲದಿದ್ದರೂ ಒಳನುಗ್ಗಿ, ಅವರ ಕೈ ಹಿಡಿದು, ಅವನ ಮಾತು ಮುಗಿಯಿತೆಂದು ಕಣ್ಣಲ್ಲೇ ಸೂಚಿಸಿದೆ. ಅವರು ಮಾತು ಎತ್ತಿದರು, ನಾಟಕ ಮುಗಿಸಿಕೊಟ್ಟರು. ಬಣ್ಣ ಒರೆಸಿಕೊಳ್ಳುತ್ತ, "ಊರಿಗೆಲ್ಲ ಗೊತ್ತಾತು, ರೋಜಾ. ಇನ್ನ ಸಾಕು" ಎಂದರು. ಆಮೇಲೆ ಯಾವ ಊರಿನಿಂದಲೂ ಕರೆ ಬರಲಿಲ್ಲ.

ಇದನ್ನೆಲ್ಲ ಅವರ ಅಪ್ಪಣೆ ಪಡೆದೇ ಬರೆದಿದ್ದೇನೆ. ಕೊಟ್ಟೂರಿನ ಮನೆಯಲ್ಲಿ ಈಗಲೂ ಹೊಸ ಹುಡುಗಿಯರಿಗೆ ಮಾತು ಕಲಿಸುತ್ತಾರೆ, ತುಟಿ ನೋಡಿಯೇ ತಪ್ಪು ಹಿಡಿಯುತ್ತಾರೆ. ಆ ಕೆಲಸ ಬಹುಕಾಲ ನಡೆಯಲಿ, ಜಂಬಕ್ಕ ನೂರ್ಕಾಲ ಬಾಳಲಿ. ಸಮಾರಂಭದಲ್ಲಿ ಈ ಲೇಖನ ಓದುವವರಲ್ಲಿ ಒಂದೇ ಪ್ರಾರ್ಥನೆ: ವೇದಿಕೆಯ ಮೇಲೆ ಅವರು ಕೂತಿರುತ್ತಾರೆ. ಸಭೆಗೆ ಬೆನ್ನಾದರೂ ಚಿಂತೆಯಿಲ್ಲ, ಅವರ ಕಡೆ ಮುಖ ಮಾಡಿ ಓದಿರಿ.