ಹೊಸ್ತಿಲಾಚೆಯ ಸಾರಿ

ಸಾರಿ ಎಂಬ ಇಂಗ್ಲಿಷ್ ಮಾತು ಕಂಪ್ಲಿಯ ನಮ್ಮ ಮನೆಗೆ ಮೊದಲು ಬಂದ ದಿನ ಪಡಸಾಲೆಯಲ್ಲಿ ಅಕ್ಕಿ ಆರಿಸುತ್ತಿದ್ದ ನನ್ನ ಅಜ್ಜಿ, ಅವಳ ಎದುರು ಮೊರ ಹಿಡಿದು ಕುಳಿತ ಅವಳ ಸೊಸೆ, ಎಂದರೆ ನನ್ನ ಅವ್ವ ನೀಲಮ್ಮ, ಅನಂತಪುರದ ಕಾಲೇಜಿನಿಂದ ಬಂದು ರಜೆಯನ್ನು ಶ್ರದ್ಧೆಯಿಂದ ವ್ಯರ್ಥಮಾಡುತ್ತ ಕಂಬಕ್ಕೊರಗಿದ್ದ ನಾನು, ಇಷ್ಟು ಜನ ಇದ್ದೆವು. ಆ ಮಾತನ್ನು ತಂದವರು ಅಜ್ಜಿಯ ತಮ್ಮ ಪಂಪಣ್ಣ. ಹೊಸಪೇಟೆಯ ರೈಲ್ವೆ ಆಫೀಸಿನಲ್ಲಿ ಗುಮಾಸ್ತರಾಗಿದ್ದ ಅವರನ್ನು ನಾವು ಸ್ಟೇಷನ್ ಅಜ್ಜ ಎನ್ನುತ್ತಿದ್ದೆವು. ಅವರು ಹೊಸ್ತಿಲಾಚೆ ಬೂಟುಗಾಲಲ್ಲೇ ನಿಂತು, "ಅಕ್ಕಾ, ಅವತ್ತಿಂದಕ್ಕ ಸಾರಿ. ಮೋಟಾರು ನಿಂತೈತಿ, ಬರ್ತೀನಿ" ಎಂದು ಹೊರಟೇಬಿಟ್ಟರು.

"ಏನಂದನಲೇ ಅವ?" ಎಂದು ಅಜ್ಜಿ ನನ್ನತ್ತ ತಿರುಗಿದಳು. ನಾನು ಆಂಗ್ಲ ಪಾಂಡಿತ್ಯವನ್ನೆಲ್ಲ ಖರ್ಚುಮಾಡಿ, ತಪ್ಪಾಯಿತು ಎಂದಂತೆ, ಮನಸ್ಸಿಗೆ ನೋವಾಗಿದೆ ಎಂದಂತೆ, ಎಂದು ವ್ಯಾಖ್ಯಾನ ಮಾಡಿದೆ.

"ನೋವಾಗಿದ್ರ ಒಂದೀಟು ಕುಂದ್ರತಿದ್ದ ಬಿಡು" ಎಂದವಳೇ ಮತ್ತೆ ಅಕ್ಕಿಯ ಕಡೆ ಬಗ್ಗಿದಳು.

ಈಗಂತೂ ನೀವೇ ನೋಡುತ್ತಿದ್ದೀರಿ, ಹೊಸಪೇಟೆಯ ಕಾಫಿ ಹೋಟೆಲಿನಲ್ಲಿ ಪಕ್ಕದವರ ಧೋತರದ ಮೇಲೆ ಕಾಫಿ ಚೆಲ್ಲಿದವನೂ ಸಾರಿ, ಮಳೆಯಲ್ಲಿ ಕೊಡೆ ಎರವಲು ಕೊಡಲೊಲ್ಲದವನೂ ಸಾರಿ, ಹೇಳಿದ್ದು ಕೇಳಿಸದೆ ಇನ್ನೊಮ್ಮೆ ಹೇಳಿ ಎನ್ನುವ ಮಂದಕಿವಿಯವನೂ ಸಾರಿ. ಸಕಲ ವ್ಯಾಧಿಗೂ ಒಂದೇ ಚೂರ್ಣ ಕೊಡುವ ಸಂತೆಯ ವೈದ್ಯನಂತೆ ಈ ಎರಡಕ್ಷರ. ನಾನೇನು ಕಡಿಮೆಯೇ? ಹಂಪಿಯ ವಿರೂಪಾಕ್ಷನ ನಾಮಕ್ಕಿಂತ ಇದನ್ನೇ ಹೆಚ್ಚು ಜಪಿಸಿದ್ದೇನೆ. ಪುಣ್ಯ ಬಂದಿತೋ ಇಲ್ಲವೋ, ಕೆಲವು ಪೆಟ್ಟುಗಳಂತೂ ತಪ್ಪಿವೆ.

ಸ್ಟೇಷನ್ ಅಜ್ಜ 'ಅವತ್ತಿಂದು' ಎಂದದ್ದು ಹಿಂದಿನ ಯುಗಾದಿಯ ಸಂಗತಿ. ಆಫೀಸಿನ ಗೆಳೆಯರನ್ನು ಊಟಕ್ಕೆ ಕರೆತಂದಿದ್ದ ಅವರು, ಅಜ್ಜಿ ಬಡಿಸಿದ ಹೋಳಿಗೆಯನ್ನು ಮುರಿಯಲು ಸೆಣಸಾಡಿ, "ಹಿಂಥಾವು ಒಂದು ಬಂಡಿ ಆದ್ರ ಸಾಕ್ರಿ, ಗುಂತಕಲ್ಲಿನ ತನಕ ಹಳಿ ಕೆಳಗ ಹಾಸಬೌದು" ಎಂದರು. ಗೆಳೆಯರು ನೆತ್ತಿಗೆ ಹತ್ತುವಷ್ಟು ನಕ್ಕರು. ತಾಯಿಯಿಲ್ಲದ ಆ ತಮ್ಮನನ್ನು ತುತ್ತಿಟ್ಟು ಬೆಳೆಸಿದವಳು ಅಜ್ಜಿ. ಬಡಿಸುವ ಬುಟ್ಟಿಯನ್ನು ಅವ್ವನ ಕೈಗಿತ್ತು ಒಳಗೆ ಹೋದವಳು ಅತಿಥಿಗಳು ಹೋಗುವ ತನಕ ಹೊರಗೆ ಬರಲಿಲ್ಲ.

ನಮ್ಮ ಬಳಗದಲ್ಲಿ ತಪ್ಪೊಪ್ಪಿಗೆಗೆ ಬಾಯಿ ಬೇಕು, ಮಾತು ಬೇಡ. ನೋಯಿಸಿದವರು ಉಣ್ಣುವ ಹೊತ್ತಿಗೆ ಸರಿಯಾಗಿ, ಕರೆಯದೆ, ನೊಂದವರ ಮನೆಗೆ ಹೋಗಬೇಕು. ಅಡಿಗೆಮನೆಯ ನೆಲದ ಮೇಲೆ ಕುಳಿತು ಹಸಿವಾಗಿದೆ ಎನ್ನಬೇಕು. ನೊಂದವರು ಬಡಿಸಬೇಕು. ನಡೆದುದರ ಸೊಲ್ಲನ್ನು ಇಬ್ಬರೂ ಎತ್ತಬಾರದು. ಎಲ್ಲಕ್ಕಿಂತ ಮಿಗಿಲಾಗಿ, ಹೀಗೆ ಮಾಡೆಂದು ಮೂರನೆಯವರು ಹೇಳಿಕೊಡಬಾರದು; ಹೇಳಿಸಿಕೊಂಡು ಬಂದ ಹಸಿವು ಹಸಿವಲ್ಲ.

ಸ್ಟೇಷನ್ ಅಜ್ಜನಿಗೆ ಇದು ತಿಳಿಯದ್ದಲ್ಲ. ಆದರೆ ದೊರೆಗಳ ಆಫೀಸಿನಲ್ಲಿ ಸಾರಿ ಎಂದೊಡನೆ ಜಗಳ ಮುಗಿಯುವುದನ್ನು ವರ್ಷಗಟ್ಟಲೆ ಕಂಡು, ಮನೆಯದೂ ಹಾಗೆಯೇ ಮುಗಿಯಿತೆಂದು ನಂಬಿಬಿಟ್ಟರು. ಆಮೇಲೂ ಬರುತ್ತಿದ್ದರು, ಎಲೆಯಡಿಕೆ ಮೆಲ್ಲುತ್ತ ನಗಿಸುತ್ತಿದ್ದರು, ಊಟದ ಹೊತ್ತಿಗೆ ಮೊದಲೇ ಮೋಟಾರು ಹಿಡಿಯುತ್ತಿದ್ದರು. ಅವರು ಬಂದಾಗಲೆಲ್ಲ ಅಜ್ಜಿ ಒಲೆಯ ಮೇಲೆ ಅಕ್ಕಿಯನ್ನು ಒಂದು ಹಿಡಿ ಹೆಚ್ಚೇ ಇಡುತ್ತಿದ್ದಳು.

"ಅತ್ತಿ, ನಾನ ಒಂದ್ಮಾತು ಹೇಳಿಬಿಡ್ಲೇನ್ರಿ ಅವ್ರಿಗೆ?" ಎಂದಳು ಅವ್ವ ಒಮ್ಮೆ.

"ಬ್ಯಾಡ. ಕರದು ಕುಂದ್ರಿಸಿ ಉಣಸಾಕ ಅವನೇನು ಬೀಗನಾ?"

ಅವ್ವ ಸುಮ್ಮನಾದಳು. ನಾವೆಲ್ಲರೂ ಸುಮ್ಮನಾದೆವು. ಕಾರ್ತೀಕದಲ್ಲಿ ಅಜ್ಜಿ ಜ್ವರ ಬಂದು ತೀರಿಕೊಂಡಳು.

ಮಣ್ಣುಮಾಡಿ ಬಂದ ಸಂಜೆ, ಅವ್ವ ತಡೆಯಲಾರದೆ, ಅಜ್ಜಿ ಕಾದದ್ದು, ಹಿಡಿ ಅಕ್ಕಿ ಹೆಚ್ಚಿಗೆ ಇಟ್ಟದ್ದು, ಎಲ್ಲವನ್ನೂ ಸ್ಟೇಷನ್ ಅಜ್ಜನಿಗೆ ಹೇಳಿದಳು. ಅವರು ನೆರೆದವರ ಮುಂದೆಯೇ ಕೆರಳಿದರು. "ಈಗ ಹೇಳ್ತೀಯಲ್ಲ ನೀಲಮ್ಮಾ, ಆವಾಗ ನಿನ್ನ ಬಾಯಿಗೇನಾಗಿತ್ತು? ನನ್ನ ಅಕ್ಕನ್ನ ನನಗ ಇಲ್ದಂಗ ಮಾಡಿದಾಕಿ ನೀನ!" ಅವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಿಂತಿದ್ದಳು. ಅವರು ಯಾರಿಗೂ ಹೇಳದೆ ಹೊರಟುಹೋದರು.

ಆ ಇಂಗ್ಲಿಷ್ ಮಾತಿನ ಮೇಲೆ ನನಗೆ ಮುನಿಸಿಲ್ಲ. ಅಪರಿಚಿತರ ಧೋತರಕ್ಕೆ ಅದು ಸಾಕು. ಆದರೆ ಅದು ಹೇಳಿದವನ ಕೆಲಸವನ್ನು ಮುಗಿಸುತ್ತದೆಯೇ ಹೊರತು ಕೇಳಿದವರಿಗೆ ಮಾಡಲು ಏನನ್ನೂ ಉಳಿಸುವುದಿಲ್ಲ. ಅಜ್ಜಿಗೆ ಬೇಕಾಗಿದ್ದುದು ತಮ್ಮನಿಗಾಗಿ ಒಂದು ಸೌಟು ಎತ್ತುವ ಅವಕಾಶ ಮಾತ್ರ. ಅಷ್ಟನ್ನು ನಾವು ಯಾರೂ ದೊರಕಿಸಿಕೊಡಲಿಲ್ಲ.

ಸಂಕ್ರಾಂತಿ ಕಳೆದ ಮೇಲೆ ಒಂದು ಮಧ್ಯಾಹ್ನ ಸ್ಟೇಷನ್ ಅಜ್ಜ ಬಂದರು. ಪಡಸಾಲೆಯಲ್ಲಿದ್ದ ನನ್ನನ್ನು ಮಾತಾಡಿಸಲಿಲ್ಲ. ನೇರವಾಗಿ ಅಡಿಗೆಮನೆಗೆ ನಡೆದು, ಒಲೆಯ ಮುಂದಿದ್ದ ಅವ್ವನ ಎದುರು ನೆಲಕ್ಕೆ ಕುಳಿತರು. "ನೀಲಮ್ಮಾ, ಹಸಿವಾಗೈತವಾ" ಎಂದರು. ಅವ್ವ ತಟ್ಟೆಯಿಟ್ಟು ಬಡಿಸಿದಳು. ಹೊರಗೆ ಮೋಟಾರು ಹಾರ್ನು ಕೂಗಿ ಕೂಗಿ ಹೋಯಿತು. ಅವರು ತಲೆ ತಗ್ಗಿಸಿಕೊಂಡು ಉಂಡು, ಇನ್ನಷ್ಟು ಅನ್ನ ಹಾಕಿಸಿಕೊಂಡು, ಮಜ್ಜಿಗೆ ಕೇಳಿದರು.