ಅತ್ತೆ ಎದ್ದರೆ ನೆಂಟರೂ ಎದ್ದರು

ನಮ್ಮ ಯಜಮಾನರು ತೀರಿಕೊಂಡ ಮೇಲೆ ನಮ್ಮತ್ತೆ ಕೂತರು. ನಡುಮನೆಯಲ್ಲಿ, ಬೀದಿ ಬಾಗಿಲು ಕಾಣುವ ಹಾಗೆ ಹಾಕಿದ್ದ ಕೆಂಪು ಪ್ಲಾಸ್ಟಿಕ್ ಕುರ್ಚಿಯಲ್ಲಿ ಬೆಳಿಗ್ಗೆ ಕಾಫಿಗೆ ಕೂತರೆ ಮಲಗುವ ಹೊತ್ತಿಗೇ ಏಳುತ್ತಿದ್ದದ್ದು. ಊಟ, ಮಾತ್ರೆ, ಹೂವು ಕಟ್ಟುವುದು, ಅಳುವುದು, ನನ್ನ ಸಾರಿಗೆ ಉಪ್ಪು ಹೆಚ್ಚಾಯಿತು ಅನ್ನುವುದು, ಎಲ್ಲ ಅಲ್ಲಿಂದಲೇ. ಮಗ ಹೋದ ತಾಯಿ, ಏಳಿ ಅಂತ ಯಾವ ಬಾಯಲ್ಲಿ ಹೇಳುವುದು? ನಾನೂ ಸುಮ್ಮನಿದ್ದೆ. ನಿಜ ಹೇಳಬೇಕೆಂದರೆ ಎದುರಿನ ಮಂಚದ ಮೇಲೆ ನಾನೂ ಕೂತೇ ಇದ್ದೆ.

ಎರಡು ತಿಂಗಳಾದ ಮೇಲೆ ಅವರ ಕಾಲು ಚಪ್ಪಲಿಗೆ ಹಿಡಿಸದ ಹಾಗೆ ಊದಿತು. ಆಟೋದಲ್ಲಿ ಕೂರಿಸಿಕೊಂಡು ಇಲ್ಲೇ ಚಿಂತಾಮಣಿಯಲ್ಲಿ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಚಿಕ್ಕ ವಯಸ್ಸಿನ ಹೆಣ್ಣುಮಗಳು, ಒತ್ತಿ ನೋಡಿದರು, ರಕ್ತ ನೋಡಿದರು.

"ಅಜ್ಜಿ, ದಿನಕ್ಕೆ ಎಷ್ಟು ಹೊತ್ತು ಕೂತಿರ್ತೀರಾ?"

"ಬೆಳಕು ಇರೋವಷ್ಟು ಹೊತ್ತೂ ಕಣಮ್ಮ."

"ಸಕ್ಕರೆ ಜಾಸ್ತಿಯಾಗಿದೆ. ಉಂಡು ಹಾಗೇ ಕೂತ್ಬಿಟ್ರೆ ಇನ್ನೇನಾಗುತ್ತೆ? ನೀರೆಲ್ಲ ಕಾಲಿಗೆ ಇಳಿದಿದೆ. ತೊಡೆ ನೋಡಿ, ಕರಗ್ತಾ ಇದೆ. ಇದೇ ಥರ ಕೂತ್ರೆ ಇನ್ನು ಸ್ವಲ್ಪ ದಿನಕ್ಕೆ ಎದ್ದು ನಿಲ್ಲೋಕೇ ಆಗಲ್ಲ."

ಬೆಳಿಗ್ಗೆ ಒಂದು ಸಲ ವಾಕಿಂಗ್ ಮಾಡಿ ದಿನವೆಲ್ಲ ಕೂತರೂ ಸಾಲದಂತೆ. ಅರ್ಧ ಗಂಟೆಗೊಂದು ಸಲ ಎದ್ದು ಎರಡು ನಿಮಿಷ ಓಡಾಡಬೇಕು. ಅದಾಗದಿದ್ದರೆ ಕುರ್ಚಿಯಿಂದ ಐದು ಸಲ ಎದ್ದು ಕೂರಬೇಕು.

"ಬಸ್ಕಿ ಹೊಡೀಬೇಕಾ?" ಅಂದರು ಅತ್ತೆ. "ಸ್ಕೂಲಲ್ಲೂ ಹೊಡೆದವಳಲ್ಲ ನಾನು."

"ನೀವು ಸ್ಕೂಲಿಗೇ ಹೋಗಿಲ್ವಲ್ಲ ಅತ್ತೆ."

"ಅದಕ್ಕೇ ಕಣೇ ಹೋಗ್ಲಿಲ್ಲ."

ಡಾಕ್ಟರು ನಕ್ಕರು. ನನಗೆ ನಗು ಬರಲಿಲ್ಲ. ನಮಗೆ ಮಕ್ಕಳಿಲ್ಲ. ಮೂರು ಜನ ಇದ್ದ ಮನೆ ಈಗ ಇಬ್ಬರಿಗೆ ಬಂದಿತ್ತು. ಇವರೂ ಮಂಚ ಹಿಡಿದರೆ ಎತ್ತಿ ಕೂರಿಸುವ ಶಕ್ತಿ ನನಗಿಲ್ಲ. ಉಪ್ಪು ಹೆಚ್ಚಾಯಿತು ಅಂತ ಬೈಯಲಿಕ್ಕೆ ನನಗೆ ಉಳಿದಿರುವುದೂ ಇವರೊಬ್ಬರೇ.

ಮನೆಗೆ ಬಂದು ಫೋನಿನಲ್ಲಿ ಅಲಾರಂ ಇಟ್ಟೆ. ಅದು ಕೂಗಿದಾಗಲೆಲ್ಲ ಅವರ ಎರಡೂ ಕೈ ಹಿಡಿದು, ಬಾವಿಯಿಂದ ಕೊಡ ಎಳೆದ ಹಾಗೆ ಎಳೆಯುವುದು. ಅವರು ಏಳುವ ಮುಂಚೆ ಇರುವ ದೇವರನ್ನೆಲ್ಲ ಕರೆದು, ಎದ್ದ ಮೇಲೆ ಆ ಡಾಕ್ಟರಿಗೆ ಎಂಥ ಅತ್ತೆ ಸಿಗಬೇಕು ಅಂತ ಹೇಳಿ, ಅಡುಗೆಮನೆ ಬಾಗಿಲು ಮುಟ್ಟಿ ವಾಪಸ್ಸು. ಮೂರು ದಿನಕ್ಕೆ ಇಬ್ಬರಿಗೂ ಸಾಕಾಯಿತು. "ಪೋನೀಲೇ, ಕಾಲು ಹೋದ್ರೆ ಹೋಗ್ಲಿ ಬಿಡೇ. ಎಲ್ಲಿಗೆ ಹೋಗಬೇಕಾಗಿದೆ ನಾನು?" ಅಂತ ಅರ್ಧ ತೆಲುಗಿನಲ್ಲಿ ಅಂದುಬಿಟ್ಟರು.

ಆಗ ಇನ್ನೂ ಮಾತಾಡಿಸಲಿಕ್ಕೆ ಜನ ಬರುತ್ತಿದ್ದರು. ತಡವಾಗಿ ಸುದ್ದಿ ಗೊತ್ತಾದವರು, ತಿಥಿಗೆ ಬರಲಾಗದವರು. ಸಾವಿನ ಮನೆಯಲ್ಲಿ ಬಂದವರನ್ನು ಬನ್ನಿ ಅನ್ನುವ ಹಾಗಿಲ್ಲ. ಅವರೂ ಹೊರಡುವಾಗ ಹೋಗಿ ಬರ್ತೀನಿ ಅನ್ನುವ ಹಾಗಿಲ್ಲ. ಹೇಳದೆ ಎದ್ದು ಹೋಗಬೇಕು. ಹಾಗಾಗಿ ಯಾವಾಗ ಏಳುವುದು ಅನ್ನುವುದೇ ಬಂದವರಿಗೆ ದೊಡ್ಡ ಸಂಕಟ. ಕಾಫಿ ಕುಡಿದಾಗಿದೆ, ಅತ್ತಾಗಿದೆ, ಫ್ಯಾನು ನೋಡಿದ್ದಾಗಿದೆ. ಏನಾದರೊಂದು ಸೂಚನೆಗೆ ಕಾಯುತ್ತಾ ಕೂತಿರುತ್ತಾರೆ.

ಒಂದು ದಿನ ಅತ್ತೆಯ ದೂರದ ಸಂಬಂಧದ ನಾದಿನಿ ತಮ್ಮ ಸೊಸೆಯ ಜೊತೆ ಬಂದರು. ಅವರು ಕಾಫಿ ಲೋಟ ಬಾಯಿಗಿಡುವುದಕ್ಕೂ ಅಲಾರಂ ಕೂಗುವುದಕ್ಕೂ ಸರಿಹೋಯಿತು. ನಾನು ಅಭ್ಯಾಸಬಲದಿಂದ ಅತ್ತೆಯನ್ನು ಎಳೆದು ನಿಲ್ಲಿಸಿದೆ. ನಾದಿನಿ ಅತ್ತೆಯ ಮುಖ ನೋಡಿದರು, ಸೊಸೆಯ ಮುಖ ನೋಡಿದರು. ಬಿಸಿ ಕಾಫಿಯನ್ನು ಒಂದೇ ಗುಟುಕಿಗೆ ನುಂಗಿ, ಕಣ್ಣಲ್ಲಿ ನೀರು ತುಂಬಿಕೊಂಡು, ಒಂದು ಮಾತೂ ಆಡದೆ ಹೊರಟೇಬಿಟ್ಟರು. ನಾನು ತಡೆಯುವ ಹಾಗಿಲ್ಲ, ಕೂಗುವ ಹಾಗಿಲ್ಲ. ಗೇಟಿನ ತನಕ ನೋಡುತ್ತಾ ನಿಂತೆ.

"ಏನಾಯ್ತೇ ಅವರಿಗೆ?"

"ನೀವು ಎದ್ರಲ್ಲ ಅತ್ತೆ, ಹೋಗಿ ಅಂತ ಅಂದ್ಕೊಂಡ್ರು."

ಎರಡು ತಿಂಗಳಲ್ಲಿ ಮೊದಲ ಸಲ ಅತ್ತೆಯ ಮುಖದಲ್ಲಿ ಒಂದು ಕಳೆ ಕಂಡಿತು.

ಮಾರನೇ ದಿನದಿಂದ ಅಲಾರಂ ಕೂಗುವುದಕ್ಕೂ ಅವರು ಕಾಯಲಿಲ್ಲ. "ನಿನಗಿಂತ ಹೆಚ್ಚು ಅತ್ತವಳು ನಾನು" ಅಂತ ಬರುವ ಮೂಲೆಮನೆಯಾಕೆ ಹೊಸಲು ದಾಟಿ ಐದು ನಿಮಿಷವಾಗಿರಲಿಲ್ಲ, ಅತ್ತೆ ನನ್ನ ಕಡೆ ತಿರುಗಿ "ಅಮ್ಮಯ್ಯ, ಕೈ ಕೊಡೇ" ಅಂದರು. ಆಕೆ ಹೋದಳು. ಮೊಣಕಾಲಿಗೆ ನಾಟಿ ಔಷಧಿ ಹೇಳಲು ಬಂದವರೂ ಹೋದರು. ನಿಮ್ಮ ಮಗನನ್ನ ಮೊದಲೇ ಡಾಕ್ಟರಿಗೆ ತೋರಿಸಬಾರದಿತ್ತಾ ಅಂದವರಂತೂ ಚಪ್ಪಲಿ ಬಿಡುವುದರೊಳಗೆ ಹೋದರು. ಅತ್ತೆ ದಿನಕ್ಕೆ ಏಳೆಂಟು ಸಲ ಎದ್ದು ಓಡಾಡುತ್ತಿದ್ದರು. ಕಾಲಿನ ಊತ ಇಳಿಯಿತು, ಸಕ್ಕರೆಯೂ ಇಳಿಯಿತು. ಡಾಕ್ಟರು, "ಏನಜ್ಜಿ ಮಾಡಿದ್ರಿ?" ಅಂತ ಕೇಳಿದಾಗ, "ನೆಂಟರು ಬರ್ತಾರಮ್ಮ" ಅಂದರು.

ಆದರೆ ಏಳಲಿಕ್ಕೆ ನನ್ನ ಎರಡು ಕೈ ಬೇಕೇ ಬೇಕಿತ್ತು. ಜನ ಬರುವುದು ಕಡಿಮೆಯಾದ ಹಾಗೆ ಅವರು ಏಳುವುದೂ ಕಡಿಮೆಯಾಯಿತು. ದೀಪಾವಳಿ ಹೊತ್ತಿಗೆ ಪಾದ ಮತ್ತೆ ಊದಿತ್ತು.

ಆಗ ಒಂದು ಭಾನುವಾರ ಗೌರಿಬಿದನೂರಿನಿಂದ ಯಜಮಾನರ ಜೊತೆ ಕೆಲಸ ಮಾಡುತ್ತಿದ್ದ ಡ್ರೈವರ್ ಬಂದರು. ನಮ್ಮವರು ಕಂಡಕ್ಟರ್, ಅವರು ಡ್ರೈವರ್, ಒಂದೇ ಬಸ್ಸಿನಲ್ಲಿ ಹನ್ನೆರಡು ವರ್ಷ. ಬಂದವರು ಅಳಲಿಲ್ಲ. ಕೂತು, "ಅಮ್ಮ, ನಿಮ್ಮ ಮಗನನ್ನ ನಾನು ಚಿಕ್ಕಬಳ್ಳಾಪುರದಲ್ಲಿ ಬಿಟ್ಟು ಬಂದಿದ್ದೆ, ಗೊತ್ತಾ?" ಅಂದರು.

ಗೌರಿಬಿದನೂರಿಂದ ಬರುವ ಬಸ್ಸು. ತುಂಬ ರೇಷ್ಮೆಗೂಡಿನ ಮೂಟೆ, ಶಿಡ್ಲಘಟ್ಟದ ಮಾರುಕಟ್ಟೆಗೆ ಹೊರಟವು. ಚಿಕ್ಕಬಳ್ಳಾಪುರದಲ್ಲಿ ಯಾವುದೋ ಮುದುಕಿಯ ಚಪ್ಪಲಿ ಬಾಗಿಲಲ್ಲಿ ಜಾರಿ ಬಸ್ಸಿನಡಿಗೆ ಬಿತ್ತು. ಕಂಡಕ್ಟರ್ ಇಳಿದು ಬಗ್ಗಿ ಹುಡುಕುತ್ತಿದ್ದಾನೆ. ಹರಾಜಿಗೆ ಹೊತ್ತಾಯಿತು ಅಂತ ಗೂಡಿನವನೊಬ್ಬ ಬಸ್ಸಿನ ಮೈ ತಟ್ಟಿ "ರೈಟ್ ರೈಟ್" ಅಂದ. ಬಸ್ಸು ಹೊರಟಿತು.

"ಹಿಂದೆ ತಿರುಗಿ ನೋಡಬಾರದಾ ನಾಯನಾ?" ಅಂದರು ಅತ್ತೆ.

"ಯಾಕೆ ನೋಡಲಿ? ಪ್ರತಿ ಸ್ಟಾಪಲ್ಲೂ ಆ ಗೂಡಿನವನೇ ಹೋಲ್ಡಾನ್ ಅಂತಾನೆ, ರೈಟ್ ಅಂತಾನೆ. ನಿಮ್ಮ ಮಗನಿಗಿಂತ ಚೆನ್ನಾಗಿ ಹೇಳ್ತಿದ್ದ!"

ಅಲಾರಂ ಕೂಗಿತು. ನಾನು ಕೈ ಚಾಚಿದೆ. ಅತ್ತೆ ತಮ್ಮ ಎರಡೂ ಕೈ ಸೆರಗಿನೊಳಗೆ ಬಚ್ಚಿಟ್ಟುಕೊಂಡರು. ಎದ್ದರೆ ಈ ಮನುಷ್ಯ ಹೋಗಿಬಿಡುತ್ತಾನೆ ಅನ್ನುವ ಭಯ. ಕಥೆ ಆ ಮುದುಕಿಗೆ ಹೋಯಿತು, ಗೂಡಿನ ರೇಟಿಗೆ ಹೋಯಿತು, ಟೀ ಬಂತು. ಎರಡನೇ ಸಲ ಅಲಾರಂ ಕೂಗಿದಾಗ ಅತ್ತೆ ನನ್ನ ಕಡೆ ಬಿಟ್ಟ ಕಣ್ಣು ನೋಡಿ ನಾನೇ ಫೋನು ಆರಿಸಿದೆ. ಪಾದ ಬದನೆಕಾಯಿಯಾಗುತ್ತಿದೆ, ಕಾಣುತ್ತಿದೆ. ಆದರೆ ನನಗೂ ಕಥೆ ಬೇಕಿತ್ತು. ಈ ಸಂಗತಿಯನ್ನು ಯಜಮಾನರು ನನಗೆ ಹೇಳಿಯೇ ಇರಲಿಲ್ಲ.

ಅಷ್ಟರಲ್ಲಿ ಡ್ರೈವರ್ ಸೊಂಟ ಹಿಡಿದುಕೊಂಡು ಎದ್ದುನಿಂತರು. ಮಾತಿಲ್ಲ.

ಆಗ ಆದದ್ದನ್ನು ನಾನು ಕಣ್ಣಾರೆ ನೋಡಿದೆ. ಅತ್ತೆ ಕುರ್ಚಿಯ ಕೈಗಳನ್ನು ಒತ್ತಿ, ಒಂದು ದೇವರನ್ನೂ ಕರೆಯದೆ, ತಾವಾಗಿಯೇ ಎದ್ದು ಎರಡು ಹೆಜ್ಜೆ ನಡೆದು ಅವರ ಅಂಗಿ ಹಿಡಿದುಕೊಂಡರು.

"ಎಲ್ಲಿಗೋ ಹೋಗ್ತೀಯಾ? ನನ್ನ ಮಗ ರೋಡಲ್ಲಿ ನಿಂತಿದ್ದಾನೆ!"

"ಎಲ್ಲೂ ಇಲ್ಲಮ್ಮ. ಡ್ರೈವರ್ ಸೊಂಟ, ಒಂದೇ ಕಡೆ ಕೂತ್ರೆ ಹಿಡ್ಕೊಳ್ಳುತ್ತೆ. ಸ್ವಲ್ಪ ಅಡ್ಡಾಡಿದ್ರೆ ಸರಿಹೋಗುತ್ತೆ."

"ಹಂಗಾದ್ರೆ ನಡಿ. ನಡೀತಾ ಹೇಳು."

ಇಬ್ಬರೂ ಅಂಗಳಕ್ಕಿಳಿದರು. ಅತ್ತೆ ಅಂಗಿ ಬಿಟ್ಟಿರಲಿಲ್ಲ. ತುಳಸಿಕಟ್ಟೆಯಿಂದ ಗೇಟಿಗೆ, ಗೇಟಿನಿಂದ ತುಳಸಿಕಟ್ಟೆಗೆ. ನಾನು ಮೆಟ್ಟಿಲ ಹತ್ತಿರ ನಿಂತೇ ಕೇಳಿದೆ. ಕಂಡಕ್ಟರ್ ದ್ರಾಕ್ಷಿ ಸಾಗಿಸುವ ಟೆಂಪೋ ಹತ್ತಿ, ಅಡ್ಡದಾರಿ ಹಿಡಿದು, ಬಸ್ಸಿಗಿಂತ ಮುಂಚೆ ಶಿಡ್ಲಘಟ್ಟ ತಲುಪಿದ್ದನಂತೆ. ಮುದುಕಿಯ ಚಪ್ಪಲಿ ಕಂಕುಳಲ್ಲಿ, ದ್ರಾಕ್ಷಿ ಗೊಂಚಲು ಕೈಯಲ್ಲಿ.

"ನಾನು ಬಸ್ಸು ನಿಲ್ಲಿಸಿ ನೋಡ್ತೀನಿ, ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಕೂತಿದ್ದಾನೆ. ಏನ್ರಪ್ಪಾ, ಎಲ್ರೂ ಟಿಕೆಟ್ ತಗೊಂಡ್ರಾ, ಅಂತ ಕೇಳ್ತಾನೆ!"

ಅತ್ತೆ ನಗುತ್ತಾ ಗೇಟು ಹಿಡಿದುಕೊಂಡು ನಿಂತರು. ಆಮೇಲೆ ಕೇಳಿದರು, "ಕೂತಿದ್ನಾ?"

"ಕೂತಿದ್ದ ಅಮ್ಮ. ಕಾಲ ಮೇಲೆ ಕಾಲು ಹಾಕ್ಕೊಂಡು. ಹನ್ನೆರಡು ವರ್ಷದಲ್ಲಿ ಡ್ಯೂಟಿ ಟೈಮಲ್ಲಿ ಅವನು ಕೂತಿದ್ದು ನಾನು ನೋಡಿದ್ದು ಅದೊಂದೇ ಸಲ."

"ಸರಿ ಬಿಡು. ಕೂತ್ಕೊಳ್ಳಲಿ, ಪಾಪ. ಕಾಲು ನೋಯ್ತಿರುತ್ತೆ" ಅಂದು, ಅವರು ತುಳಸಿಕಟ್ಟೆಯ ಕಡೆ ತಿರುಗಿ ಮತ್ತೆ ನಡೆಯತೊಡಗಿದರು.